ಕಾಕಾನ ಮೂರು ಸ್ವಿಚ್ಚುಗಳು

ನಮ್ಮ ಕಾಕಾ ಕಳ್ಳರಲ್ಲ, ಕುಡುಕರಲ್ಲ, ಯಾರ ಬಗ್ಗೆಯೂ ಹಿಂದೆ ಮುಂದೆ ಕೆಟ್ಟ ಮಾತಾಡಿದವರಲ್ಲ. ಆದರೂ ಅವರ ಜೊತೆ ಒಂದು ಮದುವೆಗೆ ಹೋಗಿ, ಮರ್ಯಾದೆ ಸಮೇತ ಮನೆಗೆ ವಾಪಸು ಬಂದವರು ನಮ್ಮ ಬಳಗದಲ್ಲಿ ಒಬ್ಬರೂ ಇಲ್ಲ! ಬೇಕಾದರೆ ನೀವೇ ಕರೆದುಕೊಂಡು ಹೋಗಿ ನೋಡಿ. ಬಾಗಿಲಲ್ಲಿ ಪನ್ನೀರು ಎರಚುವವರ ಹತ್ತಿರವೇ ನಿಮ್ಮ ಮಾನ ಹರಾಜಿಗೆ ಬಿದ್ದಿರುತ್ತದೆ.

ಹೊಸಬರನ್ನು ಕಂಡರೆ ಲೋಕದ ಜನ ಏನು ಕೇಳುತ್ತಾರೆ? ಯಾವೂರು, ಯಾರ ಪೈಕಿ, ಮಕ್ಕಳೆಷ್ಟು. ನಮ್ಮ ಕಾಕಾ ಕೇಳುವುದು ಒಂದೇ, ರಕ್ತದ ಗುಂಪು: "ನಿಮ್ಮ ರಗತ ಯಾವುದ್ರಿ?" ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಬಂದ ಕಂಡಕ್ಟರಿಗೂ ಇದೇ ಪ್ರಶ್ನೆ, ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆಗೆ ಕತ್ತಿ ಹಿಡಿದು ನಿಂತವನಿಗೂ ಇದೇ ಪ್ರಶ್ನೆ. ಸಾವಿನ ಮನೆಯಲ್ಲಿ ಮಾತ್ರ ಸ್ವಲ್ಪ ಸಂಕೋಚ. ಅಲ್ಲಿ ಮಣ್ಣು ಮುಗಿಸಿ, ಎಲ್ಲರೂ ಕೈಕಾಲು ತೊಳೆಯುವವರೆಗೆ ಹೇಗೋ ತಡೆದುಕೊಳ್ಳುತ್ತಾರೆ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಾರೆ. ನಾನು ಬಸವಕಲ್ಯಾಣದಲ್ಲಿ ಹೈಸ್ಕೂಲ್ ಟೀಚರ್. ನಡುವೆ ಬಸ್ಸಿನಲ್ಲಿ ತಾಸೊಪ್ಪತ್ತಿನ ದಾರಿ. ಈ ದೂರ ಸಾಲದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ರಕ್ತದ ಹುಚ್ಚು ಹಿಡಿಯುವುದಕ್ಕೆ ಮೊದಲೇ ಅವರಿಗೆ ಇನ್ನೊಂದು ಹುಚ್ಚಿತ್ತು. ಕಂಪ್ಯೂಟರಿನ ಒಳಗೆ ಅಂಕಿಗಳು ನಾವು ಬರೆದಂತೆ ಕೂತಿರುವುದಿಲ್ಲವಂತೆ, ಸಾಲಾಗಿ ಸ್ವಿಚ್ಚುಗಳಿರುತ್ತವಂತೆ. ಹೊತ್ತಿದ್ದರೆ ಒಂದು, ಆರಿದ್ದರೆ ಸೊನ್ನೆ. ಒಂದೇ ಒಂದು ಅಂಕಿಯ ಹೊಟ್ಟೆಯಲ್ಲಿ ಹತ್ತಾರು ಹೌದು-ಅಲ್ಲಗಳನ್ನು ತುಂಬಿಟ್ಟು, ಬೇಕಾದಾಗ ಬೇಕಾದ ಸ್ವಿಚ್ಚನ್ನಷ್ಟೇ ಮುಟ್ಟಿ ನೋಡಿ ಡೇಟಾಬೇಸಿನಿಂದ ಹೆಸರು ತೆಗೆಯಬಹುದಂತೆ. ಇದಕ್ಕೆ ಬಿಟ್‌ವೈಸ್ ಎನ್ನುತ್ತಾರೆ. ಉಳಿದವರಿಗೆ ಹೋಳಿಗೆ ಕಂಡರೆ ಆಗುವ ಸಂತೋಷ ಕಾಕಾಗೆ ಈ ಶಬ್ದ ಕೇಳಿದರೆ ಆಗುತ್ತದೆ.

ಒಮ್ಮೆ ಕಾಲೇಜಿನ ಹಾಜರಿಯನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ಇವರಿಗೆ ಬಂತು. ದಿನಕ್ಕೊಂದು ಸ್ವಿಚ್ಚಿನಂತೆ, ರಜೆಯನ್ನೂ ಹಾಜರಿಯೆಂದೇ ಹಿಡಿದು, ಮೂವತ್ತೊಂದು ದಿನದ ಇಡೀ ತಿಂಗಳನ್ನು ಒಂದೇ ಅಂಕಿಯೊಳಗೆ ಇಳಿಸಿಬಿಟ್ಟರು. ತಿಂಗಳ ಕೊನೆಗೆ ಪ್ರಿನ್ಸಿಪಾಲರು ತೆರೆದು ನೋಡಿದರೆ, ಒಂದು ದಿನವೂ ತಪ್ಪಿಸದ ಹುಡುಗಿಯ ಹೆಸರಿನ ಮುಂದೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ!

"ಏನ್ರಿ ಇದು, ಈ ಹುಡುಗಿ ಭೂಮಿ ಹುಟ್ಟಿದಾಗಿಂದ ಕಾಲೇಜಿಗೆ ಬರಾಕತ್ತಾಳೇನು?" ಎಂದರಂತೆ ಪ್ರಿನ್ಸಿಪಾಲರು.

"ಅದನ್ನ ಹಂಗ ಓದಬಾರದ್ರಿ ಸರ್, ಬಿಡಿಸಿ ಓದಬೇಕು," ಎಂದರಂತೆ ಕಾಕಾ.

"ಬಿಡಿಸೂದು ಬ್ಯಾಡ, ಈ ಕೆಲಸಾನ ಬಿಟ್ಟುಬಿಡ್ರಿ," ಎಂದರಂತೆ ಪ್ರಿನ್ಸಿಪಾಲರು. ಮರುದಿನದಿಂದ ಹಾಜರಿ ಮತ್ತೆ ಹಳೆಯ ರಿಜಿಸ್ಟರಿಗೆ ಹೋಯಿತು.

ಹೀಗೆ ಕೈಯಲ್ಲಿ ಹತ್ಯಾರ ಹಿಡಿದುಕೊಂಡು, ಅದಕ್ಕೆ ತಕ್ಕ ಕೆಲಸ ಸಿಗದೆ ಅಲೆಯುತ್ತಿದ್ದ ಮನುಷ್ಯನಿಗೆ ಒಂದು ದಿನ ರಕ್ತದ ಗುಂಪುಗಳು ಸಿಕ್ಕವು. ಅಷ್ಟೇ! ಮನುಷ್ಯನ ರಕ್ತದಲ್ಲಿ ದೇವರು ಸರಿಯಾಗಿ ಮೂರು ಸ್ವಿಚ್ಚು ಇಟ್ಟಿದ್ದಾನೆ ಎಂದು ಕಾಕಾಗೆ ಹೊಳೆಯಿತು. ಎ ಇದ್ದರೆ ಒಂದು, ಬಿ ಇದ್ದರೆ ಎರಡು, ಪಾಸಿಟಿವ್ ಇದ್ದರೆ ನಾಲ್ಕು. ಎಲ್ಲವನ್ನೂ ಕೂಡಿಸಿ. ಮೂರೂ ಹೊತ್ತಿದ್ದರೆ ಏಳು, ಅದು ಎಬಿ ಪಾಸಿಟಿವ್. ಮೂರೂ ಆರಿದ್ದರೆ ಸೊನ್ನೆ, ಅದು ಓ ನೆಗೆಟಿವ್. ಕೊಡುವವರ ಮನೆಯಲ್ಲಿ ಹೊತ್ತಿರುವ ದೀಪ ತೆಗೆದುಕೊಳ್ಳುವವರ ಮನೆಯಲ್ಲೂ ಹೊತ್ತಿರಬೇಕು, ಇಲ್ಲದಿದ್ದರೆ ರಕ್ತ ಕೂಡುವುದಿಲ್ಲ. ಇದನ್ನು ಕಂಪ್ಯೂಟರಿಗೆ ಕೇಳುವುದೂ ಸುಲಭವಂತೆ: ರೋಗಿಯ ಸ್ವಿಚ್ಚುಗಳನ್ನೆಲ್ಲ ಉಲ್ಟಾ ಮಾಡಿ, ಕೊಡುವವರ ಅಂಕಿಯ ಪಕ್ಕ ಇಟ್ಟು, ನಡುವೆ ಒಂದು & ಗುರುತು. ಉತ್ತರ ಸೊನ್ನೆ ಬಂದರೆ ಕೂಡಿತು! ಒಂದೇ ಸಾಲು, ಊರಿನ ಅಷ್ಟೂ ಜನರಲ್ಲಿ ಯಾರ ರಕ್ತ ಯಾರಿಗೆ ಎಂದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೇಳಿಬಿಡುತ್ತದೆ.

"ಬರೇ ಗುಂಪಿನ ಹೆಸರು ಬರದಿಟ್ಟರ ಆಗೂದಿಲ್ಲೇನ್ರಿ ಕಾಕಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಆಗತದ," ಎಂದರು ಕಾಕಾ, ನನ್ನನ್ನು ಮರುಕದಿಂದ ನೋಡುತ್ತ. "ಎತ್ತಿನ ಬಂಡ್ಯಾಗ ಕುಂತು ಹೈದರಾಬಾದಿಗೆ ಹೋದರೂ ಆಗತದ."

ಅಂದಿನಿಂದ ಅವರ ಕಣ್ಣಿಗೆ ಮನುಷ್ಯರೇ ಬೀಳುವುದಿಲ್ಲ. "ಆ ಆರು ನಂಬರಿನಾಂವ ಬಂದಿದ್ದ", "ಪಕ್ಕದ ಮನಿ ಐದು ಊರಿಗೆ ಹೋಗ್ಯಾಳ". ಕಾಕಾನ ಹೆಂಡತಿ, ನಮ್ಮ ಕಾಕೂ, ಏಳು. ಏಳು ಎಂದರೆ ಎಲ್ಲರಿಂದಲೂ ಪಡೆಯಬಹುದು, ಆದರೆ ಇನ್ನೊಬ್ಬ ಏಳಕ್ಕೆ ಮಾತ್ರ ಕೊಡಬಹುದು. ಇದನ್ನು ಕಾಕಾ ಮನೆಗೆ ಬಂದ ಬೀಗರ ಮುಂದೆ ಹೇಗೆ ಹೇಳಿದರು ಗೊತ್ತೇ? "ನಮ್ಮಾಕಿ ಎಲ್ಲಾರ ಕಡಿಂದ ತಗೋತಾಳ್ರಿ, ಕೊಡೂದಂದ್ರ ಮಾತ್ರ ಯಾರಿಗೂ ಆಗೂದಿಲ್ಲ!" ಬೆಳಗಿನಿಂದ ಒಲೆಯ ಮುಂದೆ ಕೂತು ಅಷ್ಟೂ ಮಂದಿಗೆ ರೊಟ್ಟಿ ಬಡಿದ ಹೆಂಗಸು ಈ ಮಾತು ಕೇಳಿ ಸುಮ್ಮನಿರುತ್ತಾಳೆಯೇ? ಕಾಕೂ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದರು. "ಹಂಗಾರ ಇವತ್ತ ಖಾನಾವಳಿಗೆ ಹೋಗ್ರಿ, ಅವರು ಎಲ್ಲಾರಿಗೂ ಕೊಡ್ತಾರ," ಎಂದರು. ಬೀಗರ ಜೊತೆ ನಾವೂ ತಲೆ ತಗ್ಗಿಸಿಕೊಂಡು ಖಾನಾವಳಿಗೆ ನಡೆದೆವು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆ ಹೇಳದಿದ್ದರೆ ಈ ಬರಹ ಅಪೂರ್ಣ. ಹೇಳಿದರೆ ನನ್ನ ಮಾನ ಅಪೂರ್ಣ. ಹೋಗಲಿ, ಹೇಳಿಯೇ ಬಿಡುತ್ತೇನೆ. ಚಹಾ ಕೊಟ್ಟು ಕೂತಿದ್ದೇನೆ. ಎಲ್ಲರೂ ಗಂಭೀರವಾಗಿದ್ದಾರೆ. ಕಾಕಾ ಗಂಡಿನತ್ತ ಬಾಗಿ, ಮೆತ್ತಗೆ, "ತಮ್ಮಾ, ನಿಂದು ಎಷ್ಟು?" ಎಂದರು.

ಪಾಪ, ಆ ಮನುಷ್ಯ ವಯಸ್ಸು ಕೇಳುತ್ತಿದ್ದಾರೆ ಎಂದುಕೊಂಡು, "ಇಪ್ಪತ್ತೆಂಟ್ರಿ," ಎಂದರು.

"ಇಪ್ಪತ್ತೆಂಟು? ಏಳರ ಮ್ಯಾಗ ಇರಾಕ ಸಾಧ್ಯಾನ ಇಲ್ಲ!" ಎಂದು ಕಾಕಾ ಕೂಗಿದ ರಭಸಕ್ಕೆ ಗಂಡಿನ ತಾಯಿಯ ಬಸಿಯಿಂದ ಚಹಾ ಚೆಲ್ಲಿತು.

ಅಪ್ಪ ಅಡ್ಡ ಬಂದು, ಅದು ರಕ್ತದ ವಿಷಯ ಎಂದು ತಿಳಿಸಿ ಹೇಳುವುದರೊಳಗೆ ನಾನು ಎರಡು ಸಲ ಒಳಗೆ ಹೋಗಿ ಬಂದಿದ್ದೆ. ಗಂಡು ಬಿ ಪಾಸಿಟಿವ್, ಎಂದರೆ ಆರು. ನಾನು ಬಿ ನೆಗೆಟಿವ್, ಎಂದರೆ ಎರಡು. ಕಾಕಾ ಮನಸ್ಸಿನಲ್ಲೇ ಲೆಕ್ಕ ಹಾಕಿ, ಬಹಳ ಸಮಾಧಾನದಿಂದ ತೀರ್ಪು ಕೊಟ್ಟರು: "ಇಕಿ ಆತಗ ಕೊಡಬಹುದ್ರಿ. ಆದ್ರ ಆತ ಇಕಿಗೆ ಏನೂ ಕೊಡಾಕ ಬರೂದಿಲ್ಲ."

ಗಂಡಿನ ತಾಯಿ, "ಅಯ್ಯ, ಕೊಡೂದು ತಗೊಳ್ಳೂದರ ಮಾತ ನಾವು ತಗದೇ ಇಲ್ಲಲ್ರಿ!" ಎಂದು ಎದ್ದು ನಿಂತರು. ನನ್ನ ಮದುವೆ ಆ ಮನೆಗೇ ಆಯಿತು ಎನ್ನುವುದು ನನ್ನ ಅತ್ತೆಯವರ ದೊಡ್ಡತನ. ಅವರು ಇವತ್ತಿಗೂ ಕಾಕಾ ಬಂದರೆಂದರೆ ಚಹಾದ ಬಸಿಯನ್ನು ಕೆಳಗಿಟ್ಟೇ ಮಾತಾಡಿಸುತ್ತಾರೆ.

ಇಷ್ಟಾದರೂ ಒಂದು ಮಾತು ಒಪ್ಪಬೇಕು. ಕಾಕಾನ ಲೆಕ್ಕದಿಂದ ಅನೇಕರಿಗೆ ಸಮಯಕ್ಕೆ ಸರಿಯಾಗಿ ರಕ್ತ ಸಿಕ್ಕಿತ್ತು. ಆಸ್ಪತ್ರೆಯವರು ಫೋನ್ ಮಾಡಿದರೆ ಸಾಕು, ಕಾಕಾ ಆ ಒಂದು ಸಾಲನ್ನು ಕಂಪ್ಯೂಟರಿಗೆ ಹಾಕಿ, ಹೆಸರು ತೆಗೆದು, ಹೋಗಿ ಮನೆ ಬಾಗಿಲು ಬಡಿಯುತ್ತಿದ್ದರು. ಹೊಗಳಿಕೆ ಬಂತು. ಹೊಗಳಿಕೆ ಬಂದ ಮೇಲೆ ಕಾಕಾಗೆ ಹುಮನಾಬಾದು ಸಾಲದಾಯಿತು.

ಬೇಮಳಖೇಡದಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರ ಮನೆಯ ನಿಶ್ಚಯ ಕಾರ್ಯ. ಊಟದ ಪಂಕ್ತಿಯಲ್ಲಿ ಕೂತವರ ಮುಂದೆ ಸಾಂಬಾರಿನವನ ಹಿಂದೆ ಹಿಂದೆಯೇ ಕಾಕಾ, ಕೈಯಲ್ಲಿ ಲ್ಯಾಪ್‌ಟಾಪು! ನಾನು ಎದುರಿನ ಪಂಕ್ತಿಯಲ್ಲಿ ಎಲೆಯೊಳಗೆ ಮುಖ ಹುದುಗಿಸಿ ಕೂತಿದ್ದೆ. ಆದರೂ ಕಿವಿ ಮುಚ್ಚಲಾದೀತೇ?

"ಅಜ್ಜಾರ, ನಿಮ್ಮ ರಗತ ಯಾವುದ್ರಿ?"

"ಕೆಂಪಂದು ಅದ್ರಿ."

"ಅದಲ್ರಿ, ಗ್ರೂಪು, ಗ್ರೂಪು!"

"ನಾ ಯಾವ ಗ್ರೂಪಿನಾಗೂ ಇಲ್ರಿ ಸಾಹೇಬ್ರ. ಇಲೆಕ್ಷನ್ ಬಂದಾಗ ಎರಡೂ ಕಡೆ ಕೈ ಮುಗದು ಸುಮ್ಮನ ಇರ್ತೀನಿ."

ಪಕ್ಕದ ಹೆಣ್ಣುಮಗಳು ತಾನಾಗಿಯೇ, "ನಾ ಉಳಿತಾಯ ಗ್ರೂಪಿನಾಗ ಅದೀನ್ರಿ, ನಂದು ಬರಕೋರಿ," ಎಂದಳು. ಇಡೀ ಪಂಕ್ತಿ ನಕ್ಕಿತು. ಗೊತ್ತಿಲ್ಲ ಎಂದವರ ಹೆಸರು, ಫೋನ್ ನಂಬರು ಬರೆದುಕೊಂಡು, ರಕ್ತದ ಜಾಗವನ್ನು ಖಾಲಿ ಬಿಟ್ಟು ಕಾಕಾ ಮುಂದೆ ಹೋದರು. ಆಮೇಲೆ ಪರೀಕ್ಷೆ ಮಾಡಿಸಿ ತುಂಬಿದರಾಯಿತು ಎಂಬ ಅಂದಾಜು. ತುಂಬುವುದು ಮರೆತುಹೋಯಿತು.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಹುಮನಾಬಾದಿನ ಆಸ್ಪತ್ರೆಯೊಂದರಿಂದ, ಆ ನಿಶ್ಚಯದ ನಂತರ ಮೊದಲ ಸಲ, ಕಾಕಾಗೆ ಫೋನ್ ಬಂತು. ನಿರ್ಣಾ ಊರಿನ ಕುರಿಗಾರರ ಹೆಣ್ಣುಮಗಳು. ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಆಗಬೇಕು, ಮೈಯಲ್ಲಿ ರಕ್ತವಿಲ್ಲ. ಓ ನೆಗೆಟಿವ್ ಬೇಕು. ಅದು ಹುಡುಕಿದರೂ ಸಿಗದ ರಕ್ತ. ಮೂರೂ ಸ್ವಿಚ್ಚು ಆರಿದವರಿಗೆ ಮೂರೂ ಆರಿದವರೇ ಕೊಡಬೇಕು. ಕಾಕಾ ಸ್ವತಃ ಐದು, ಅವರದು ನಡೆಯುವುದಿಲ್ಲ. ಕಂಪ್ಯೂಟರಿಗೆ ಆ ಸಾಲು ಹಾಕಿದರು. ಒಂದಲ್ಲ ಎರಡಲ್ಲ, ಒಂದು ಟೆಂಪೊ ತುಂಬುವಷ್ಟು ಹೆಸರು ಬಂದವು! ಎಲ್ಲರೂ ಬೇಮಳಖೇಡದವರೇ!

ಕಾಕಾ ಕೂಡಲೇ ನನಗೆ ಫೋನ್ ಮಾಡಿದರು. "ಅವ್ವೀ, ಬೇಮಳಖೇಡ ಅಂದ್ರ ಬಂಗಾರದ ಖಣಿ ಅದ! ಜಗತ್ತಿನಾಗ ಎಲ್ಲೂ ಇಲ್ಲದ್ದು! ಲಗೂನ ಬಾ, ಹೆಣ್ಣಮಕ್ಕಳೂ ಬರಾಕತ್ತಾರ, ಅವರ ಜೋಡಿ ಯಾರರ ಇರಬೇಕು."

ರಜೆಯ ದಿನ, ನೆಪ ಹೇಳಲು ಬರಲಿಲ್ಲ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಟೆಂಪೊ ಬಂದು ನಿಂತಿತ್ತು. ಮಡಿ ಧೋತರ, ಹೊಸ ರುಮಾಲು, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ. ಮದುವೆಗೆ ಬಂದಂತೆ ಬಂದಿದ್ದರು. ಕೆಂಪು ರಕ್ತದ ಆ ಅಜ್ಜ ಎಲ್ಲರಿಗಿಂತ ಮುಂದೆ. "ಇಷ್ಟ ವರ್ಷ ಬಂಗಾರ ಮೈಯಾಗ ಇಟ್ಕೊಂಡು ಸುಮ್ಮನ ಹೊಲದಾಗ ದುಡದೀನಿ ನೋಡವಾ," ಎಂದು ನನ್ನ ಹತ್ತಿರ ಹೇಳಿಕೊಂಡರು. ಅಜ್ಜಾರ, ಈ ವಯಸ್ಸಿನವರದು ತಗೊಳ್ಳೂದಿಲ್ಲ ಎಂದು ನಾನು ಹೇಳಿದರೂ ಕೇಳಲಿಲ್ಲ. ತೋಳು ಮೇಲೆ ಮಾಡಿಯೇ ನಿಂತಿದ್ದರು.

ಗೋಡೆಗೆ ಒರಗಿ, ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ ನಿಂತಿದ್ದ. ಅವನೇ ಆ ಹೆಣ್ಣುಮಗಳ ಗಂಡ. ಇಷ್ಟು ಮಂದಿ ಇಳಿಯುವುದನ್ನು ಕಣ್ಣು ಬಿಟ್ಟು ನೋಡುತ್ತಿದ್ದ.

ಒಳಗಿನಿಂದ ಬಂದ ಡಾಕ್ಟರಮ್ಮ ಯಾರು ಎನ್ನುತ್ತೀರಿ? ಬಸವಕಲ್ಯಾಣದಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು! ಅವಳು ಟೆಂಪೊ ನೋಡಿದಳು, ಕಾಕಾನನ್ನು ನೋಡಿದಳು, ನನ್ನ ಕಿವಿಯಲ್ಲಿ, "ಈ ಮನಷಾ ನಿಮ್ಮ ಪೈಕೀನೇನ?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಕಾಕಾ ಅಲ್ಲಿಂದಲೇ, "ನಮ್ಮಣ್ಣನ ಮಗಳ್ರಿ ಡಾಕ್ಟರ್! ಎರಡು ನಂಬರ್!" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಸಾರಿದರು. ಎರಡು ನಂಬರ್ ಎಂದರೆ ನಮ್ಮ ಕಡೆ ಏನು ಅರ್ಥ ಎಂದು ನಿಮಗೆ ಗೊತ್ತಲ್ಲ? ಕಳ್ಳ ಮಾಲು! ಔಷಧಿ ಕೊಡುವವನು ಕೂಡ ತಲೆ ಎತ್ತಿ ನೋಡಿದ.

ಪರೀಕ್ಷೆ ಶುರುವಾಯಿತು. ಬೆರಳಿಗೆ ಚುಚ್ಚಿ, ಗಾಜಿನ ಮೇಲೆ ಹನಿ ಹಾಕಿ ನೋಡುವುದು.

"ಬಿ ಪಾಸಿಟಿವ್," ಎಂದ ಲ್ಯಾಬಿನವನು.

"ಬೆರಳಿಗೆ ಸುಣ್ಣ ಹತ್ತಿರಬೇಕು. ಇನ್ನೊಮ್ಮೆ ನೋಡ್ರಿ," ಎಂದರು ಕಾಕಾ.

"ಓ ಪಾಸಿಟಿವ್."

"ನಿಮ್ಮ ಗಾಜ ತೊಳದೀರೇನ್ರಿ?"

"ಎ ಪಾಸಿಟಿವ್. ಬಿ ಪಾಸಿಟಿವ್. ಮತ್ತ ಬಿ ಪಾಸಿಟಿವ್."

ಕೊನೆಯವರ ಬೆರಳೂ ಮುಗಿಯಿತು. ಅಷ್ಟೂ ಮಂದಿಯಲ್ಲಿ ಒಬ್ಬರೂ ಓ ನೆಗೆಟಿವ್ ಇರಲಿಲ್ಲ.

ನನ್ನ ಗೆಳತಿ ಕಾಕಾನ ಹತ್ತಿರ ಬಂದು, ಹುಷಾರಾಗಿಯೇ ಕೇಳಿದಳು: "ಗುಂಪು ಗೊತ್ತಿಲ್ಲ ಅಂದವರಿಗೆ ನೀವು ಏನ ಹಾಕೀರಿ ಸರ್?"

"ಏನೂ ಹಾಕಿಲ್ರಿ. ಖಾಲಿ ಬಿಟ್ಟೀನಿ."

"ಖಾಲಿ ಬಿಟ್ಟರ ಕಂಪ್ಯೂಟರ್ ಏನ ತಗೋತದ?"

ಆ ಜಾಗ ಎಂದೂ ಖಾಲಿ ಇರಬಾರದು, ಏನೂ ಬರೆಯದಿದ್ದರೆ ತಾನಾಗಿ ಒಂದು ಅಂಕಿ ಕೂರಲಿ ಎಂದು ಕಾಕಾನೇ ಮೊದಲ ದಿನ ಕಂಪ್ಯೂಟರಿಗೆ ಹೇಳಿಟ್ಟಿದ್ದರು. "ಸೊನ್ನಿ," ಎಂದರು. ಆ ದನಿ ಎಷ್ಟು ಸಣ್ಣದಿತ್ತೆಂದರೆ ನನಗೆ ತುಟಿಯಷ್ಟೇ ಕಂಡಿತು. 'ಗೊತ್ತಿಲ್ಲ' ಎಂದವರನ್ನೆಲ್ಲ ಕಂಪ್ಯೂಟರು ಮೂರೂ ಸ್ವಿಚ್ಚು ಆರಿದವರು ಎಂದು ತಿಳಿದಿತ್ತು.

ಅಲ್ಲಿದ್ದವರು ನಕ್ಕರು. ಕೆಟ್ಟ ನಗೆಯಲ್ಲ, ಆದರೂ ನಗೆಯೇ. ಮೊಬೈಲು ಎತ್ತಿ ವಿಡಿಯೊ ಮಾಡಿದವರೂ ಇದ್ದರು. ಬೇಮಳಖೇಡದವರಿಗೆ ತಮ್ಮ ಬಂಗಾರ ಇದ್ದಕ್ಕಿದ್ದಂತೆ ಹಿತ್ತಾಳೆಯಾದದ್ದು ಏಕೆಂದು ತಿಳಿಯದೆ, ಬೆರಳಿನ ಹತ್ತಿ ಒತ್ತಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಕಾಕಾ ಆ ಗಂಡನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಲು ಆಗಲಿಲ್ಲ.

ನನ್ನ ಗೆಳತಿ ಕಲಬುರಗಿಯ ರಕ್ತನಿಧಿಗೆ ಫೋನ್ ಮಾಡಿದಳು. ಸಂಜೆಯ ಹೊತ್ತಿಗೆ ಅಲ್ಲಿಂದ ಸರಿಯಾದ ರಕ್ತ ಬಂತು. ಮರುದಿನ ಆಪರೇಷನ್ ಆಯಿತು. ಆದರೆ ಆ ರಕ್ತ ಬರುವವರೆಗೆ ಕಾಕಾ ಆಸ್ಪತ್ರೆಯಲ್ಲಿ ನಿಲ್ಲಲಿಲ್ಲ. ಬಂದವರನ್ನು ಬೇಮಳಖೇಡಕ್ಕೆ ಮುಟ್ಟಿಸಲು ಟೆಂಪೊ ಹತ್ತಿದರು, ನಾನೂ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಗೊಣಗಾಟ: "ನಾಕನೇದು ಒಂದು ಸ್ವಿಚ್ಚ ಇಡಬೇಕಾಗಿತ್ತು. ಗೊತ್ತದೋ ಇಲ್ಲೋ ಅಂತ ತೋರಸೂ ಸ್ವಿಚ್ಚು."

ಪಕ್ಕದಲ್ಲಿದ್ದ ಅಜ್ಜ ನನ್ನತ್ತ ಬಾಗಿ, "ಸಾಹೇಬ್ರ ಮನ್ಯಾಗ ಕರೆಂಟ್ ಹೋಗ್ಯಾದೇನವಾ?" ಎಂದರು.

ಆ ವಿಡಿಯೊ ಬಸವಕಲ್ಯಾಣದ ನಮ್ಮ ಶಾಲೆಯ ಸ್ಟಾಫ್ ರೂಮಿಗೂ ಬಂತು. "ಇವರು ನಿಮ್ಮ ಕಾಕಾ ಅಲ್ಲೇನ್ರಿ ಟೀಚರ?" ಎಂದು ಎಲ್ಲರೂ ಬಹಳ ಮರ್ಯಾದೆಯಿಂದಲೇ ಕೇಳಿದರು. ಮರ್ಯಾದೆಯಿಂದ ಕೇಳುವುದೇ ಹೆಚ್ಚು ಉರಿಸುತ್ತದೆ. ಅತ್ತ ಹುಮನಾಬಾದಿನಲ್ಲಿ ಕಾಕಾನ ಕ್ಲಾಸಿನ ಬೋರ್ಡಿನ ಮೇಲೆ ಯಾರೋ ದೊಡ್ಡದೊಂದು ಸೊನ್ನೆ ಬರೆದಿಟ್ಟಿದ್ದರಂತೆ. ಕಾಕಾ ಅದನ್ನು ಒರೆಸದೆ, ಅದರ ಪಕ್ಕದಲ್ಲೇ ಪಾಠ ಬರೆದು ಬಂದರಂತೆ.

ಒಂದು ದಿನ ಕಾಕೂ ಫೋನ್ ಮಾಡಿದರು. "ನಿಮ್ಮ ಕಾಕಾ ಯಾರಿಗೂ ಏನೂ ಕೇಳವಲ್ರು. ನಿನ್ನೆ ಹಾಲಿನಾಂವ ತಾನಾಗೇ ನಿಂತು, ಸಾಹೇಬ್ರ ನಂದು ಇನ್ನಾ ಕೇಳಿಲ್ಲಲ್ರಿ ಅಂದ. ಮಾರಿ ತಿರುವಿಕೊಂಡು ಒಳಗ ಹೋದ್ರು. ನನಗ ಅಂಜಿಕಿ ಬರಾಕತ್ತದ, ಬಂದು ಹೋಗವ್ವಾ."

ಭಾನುವಾರ ಹೋದೆ. ಲ್ಯಾಪ್‌ಟಾಪಿನ ಮೇಲೆ ಟವೆಲ್ ಮುಚ್ಚಿತ್ತು. ಕಾಕಾ ಪೇಪರ್ ಹಿಡಿದು ಕೂತಿದ್ದರು, ಪುಟ ಮಗುಚುತ್ತಿರಲಿಲ್ಲ. ನಾನು ಏನು ಹೇಳಲಿ? ಬಿಡ್ರಿ ಕಾಕಾ, ಎಲ್ಲರಿಗೂ ಆಗುತ್ತದೆ ಎನ್ನಲೇ? ಯಾರಿಗೂ ಆಗುವುದಿಲ್ಲ ಅಂಥದ್ದು!

ಅಷ್ಟರಲ್ಲಿ ಬಾಗಿಲಲ್ಲಿ ಆಟೊ ನಿಂತಿತು. ಹೆಗಲ ಮೇಲಿನ ಕಂಬಳಿ ಕಂಡದ್ದೇ ಕಾಕಾ ಎದ್ದು ಒಳಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡರು. "ಬೈಯಾಕ ಬಂದಾನ. ಬೈಲಿ. ಅವನ ಹಕ್ಕದ. ನನ್ನ ಮುಂದ ಬ್ಯಾಡ, ನೀ ಕೇಳಿಸ್ಕೋ," ಎಂದರು.

ನಿರ್ಣಾದ ಆ ಮನುಷ್ಯ ಹೊಸ್ತಿಲ ಹೊರಗೇ ನಿಂತ. ಒಳಗೆ ಬನ್ನಿ ಎಂದರೆ ಬರಲಿಲ್ಲ. "ಮನಿಯಾಕಿ ಆಟೋದಾಗ ಅದಾಳ್ರಿ. ಹೊಟ್ಟಿ ಹೊಲಿಗಿ ಬಿಚ್ಚಿಸಾಕ ಬಂದಿದ್ದೆವು, ಮೆಟ್ಟಲಾ ಹತ್ತಬ್ಯಾಡ ಅಂದಾರ," ಎಂದ. ಆಮೇಲೆ ಕಂಬಳಿಯ ಅಂಚು ಜಗ್ಗುತ್ತ, ತಡೆತಡೆದು ಹೇಳಿದ: "ಅವತ್ತ ಬಂದವರು ನಮಗ ಏನ ಆಗಬೇಕು ಅಂತ ಆಕಿ ದಿನಾ ಕೇಳಾಕತ್ತಾಳ್ರಿ. ನನಗ ಹೇಳಾಕ ಬರವಲ್ದು. ನಮ್ಮ ಪೈಕಿ ಮಂದೀನ ರಗತ ಅಂದ ಕೂಡಲೆ ಹಿಂದ ಸರದ್ರು. ಅವರು ನೋಡಿದ್ರ ಹೊಸ ಅರಬಿ ಉಟ್ಕೊಂಡು ಗಾಡಿ ತುಂಬ ಬಂದಿದ್ರು. ಸಾಹೇಬ್ರಿಗೆ ಕೇಳಿ ತಿಳಕೊಂಡು ಹೋಗೂನಂತ ಬಂದೀವ್ರಿ."

ಕದ ಸರಿಯಿತು. ಕಾಕಾ ಹೊರಗೆ ಬಂದು ನಿಂತರು. "ಅವರದು ಯಾರದೂ ಕೂಡಲಿಲ್ಲಪಾ," ಎಂದರು. "ನಾ ತಪ್ಪ ಮಾಡೀನಿ. ಸುಮ್ಮನ ಕರಕೊಂಡು ಬಂದಿದ್ದೆ."

"ಹಂಗೇನ್ರಿ," ಎಂದ ಅವನು. ಆ ತಪ್ಪಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲವೋ, ಗೊತ್ತಿದ್ದೂ ಬೇಕಾಗಿರಲಿಲ್ಲವೋ. "ಬಂದಿದ್ರಲ್ರಿ. ತೋಳ ಮ್ಯಾಗ ಮಾಡ್ಕೊಂಡು ನಿಂತಿದ್ರಲ್ರಿ. ನಾ ನೋಡೀನಿ."

ಕಾಕಾ ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದು ಆಟೊದ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ. ಒಳಗೆ ಬಡಕಲು ಹೆಣ್ಣುಮಗಳೊಬ್ಬಳು ಹೊಟ್ಟೆಗೆ ಚಾದರ ಒತ್ತಿಕೊಂಡು ಕೂತಿದ್ದಳು. ಕಾಕಾನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಆರಾಮ ಅದಿ ಏನವಾ?" ಎಂದರು ಕಾಕಾ.

"ಅದೀನ್ರಿ ಅಣ್ಣಾರ. ನಾ ಎದ್ದು ಅಡ್ಡಾಡಾಕ ಬಂದ ಮ್ಯಾಲ ಅವರನ್ನೆಲ್ಲ ನಮ್ಮ ಮನಿಗೆ ಕರಕೊಂಡು ಬರ್ರಿ. ನೀವು ಕರದ್ರ ಬರ್ತಾರ."

ಕಾಕಾ ಆಟೊದ ಕಂಬಿ ಹಿಡಿದು, ನಡುಬೀದಿಯಲ್ಲಿ, ಚಿಕ್ಕ ಹುಡುಗರಂತೆ ಅತ್ತುಬಿಟ್ಟರು. ಎದುರುಮನೆಯವರು ಕಿಟಕಿ ತೆರೆದರು, ಕಿರಾಣಿ ಅಂಗಡಿಯ ಮುಂದಿದ್ದವರು ತಿರುಗಿ ನೋಡಿದರು. ನೋಡಲಿ ಬಿಡಿ. ನಾನು ಕಾಕಾನ ಬೆನ್ನ ಮೇಲೆ ಕೈಯಿಟ್ಟು, ಅವರ ಅಳು ನಿಲ್ಲುವವರೆಗೆ ಅಲ್ಲೇ ನಿಂತೆ.